ಕೊಲ್ಹಾಪುರದಿಂದ ತಂದ ಕ್ಯಾಂಪರ್ ಇಕೋ: ಬೆಲೆ 8 ಲಕ್ಷ ಹಿಡಿದು ಜೀವಾವಧಿ ತೆರಿಗೆ ಹಾಕ್ಯಾರ, ಮೇಲ್ಮನವಿ ಹೆಂಗ?

ಹಿಂಡಲಗಾ_22 ಕೇಳಿದ್ದು:

ನಮಸ್ಕಾರ್ರೀ. ಗಾಡಿ ಮಾರುತಿ ಇಕೋ, 5 ಸೀಟರ್, ಪೆಟ್ರೋಲ್, 1196 ಸಿಸಿ, ಬಿಎಸ್ 6. ಮೊದಲ ನೋಂದಣಿ 2021ರಾಗ ಕೊಲ್ಹಾಪುರ, ಎಂಎಚ್ 09. ನಾನು ಎರಡನೇ ಮಾಲೀಕ. ಎನ್‌ಒಸಿ ತಗೊಂಡು ಬೆಳಗಾವಿ ಜಿಲ್ಲೆಯ ಒಂದು ಸಾರಿಗೆ ಕಚೇರಿಯೊಳಗ ಹೊಸ ನಂಬರಿಗೆ ಫಾರ್ಮ್ 27 ಕೊಟ್ಟೇನಿ.

ಒಳಗ ಕ್ಯಾಂಪಿಂಗ್ ಫಿಟಿಂಗ್ ಐತಿ. ಒಂದ ವರ್ಕ್‌ಶಾಪಿನ ಬಿಲ್, ಒಟ್ಟು 2,10,000. ಮಂಚ ಮತ್ತ ಕಪಾಟು 85,000, ಲಿಥಿಯಂ ಬ್ಯಾಟರಿ, ಇನ್ವರ್ಟರ್, ಎರಡು 100 ವ್ಯಾಟ್ ಸೋಲಾರ್ ಪ್ಯಾನೆಲ್ 78,000, 12 ವೋಲ್ಟಿನ ಫ್ರಿಜ್ 32,000, ಬಾಜೂಕ ಬಿಚ್ಚೋ ನೆರಳಿನ ತಾಡಪತ್ರಿ 15,000. ಛಾವಣಿ ಕತ್ತರಿಸಿಲ್ಲ. ಪ್ಯಾನೆಲ್ ಕ್ಯಾರಿಯರ್ ಮ್ಯಾಲೆ ಅದಾವು. ಬಿಲ್ ಮ್ಯಾಲೆ ಮಾತ್ರ ವರ್ಕ್‌ಶಾಪಿನವರು ‘ಕ್ಯಾಂಪರ್ ಕನ್ವರ್ಷನ್’ ಅಂತ ಒಂದ ಸಾಲಿನಾಗ ಬರದಾರ.

ಕಚೇರಿಯವರು ಹಿಡಿದ ಬೆಲೆ: ಗಾಡಿಗೆ 5,90,000, ಫಿಟಿಂಗಿಗೆ 2,10,000, ಒಟ್ಟು 8,00,000. ಅದರ ಮ್ಯಾಲೆ ಶೇಕಡಾ 14, ಆಮ್ಯಾಲೆ ಗಾಡಿ ವಯಸ್ಸಿನ ಕಡಿತ, ಆಮ್ಯಾಲೆ ಸೆಸ್. 2021ರ ಶೋರೂಮ್ ಬೆಲೆ 4,62,000 ಅಂತ ಮೊದಲಿನ ಮಾಲೀಕರು ಹೇಳ್ತಾರ, ಆದರ ಮೂಲ ಇನ್‌ವಾಯ್ಸ್ ಅವರ ಹಂತ್ಯಾಕ ಇಲ್ಲ. ಇವತ್ತಿನ ಮಾರ್ಕೆಟ್ ರೇಟ್ ಮೂರು ಲಕ್ಷದ ಒಳಗ ಐತಿ ಅಂತ ವಾದ ಮಾಡಿದ್ರ ನಡೀತೈತೇನು? ತೆರಿಗೆ ಇನ್ನೂ ಕಟ್ಟಿಲ್ಲ.

ಕರಡು_ಕಾಗದ ಉತ್ತರ:

ಮಾರ್ಕೆಟ್ ರೇಟಿನ ವಾದ ಬೇಡ. ಈ ವಿಷಯದಲ್ಲಿ ಹೆಚ್ಚಿನವರು ಸೋಲುವುದು ಅಲ್ಲೇ. ಕರ್ನಾಟಕದಲ್ಲಿ ಹಳೆ ಕಾರಿನ ಜೀವಾವಧಿ ತೆರಿಗೆ ಎಂದರೆ ಅದೇ ಗಾಡಿ ಹೊಸದಿದ್ದಾಗ ಎಷ್ಟು ತೆರಿಗೆ ಬರುತ್ತಿತ್ತೋ ಅದರ ಒಂದು ಭಾಗ. ಎಷ್ಟು ಭಾಗ ಎಂಬುದನ್ನು ಗಾಡಿಯ ವಯಸ್ಸಿನ ಮೇಲೆ ತೆರಿಗೆ ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಸವಕಳಿ ಆ ಶೇಕಡಾವಾರಿನಲ್ಲೇ ಸೇರಿಹೋಗಿದೆ. ಈಗಿನ ಬೆಲೆಯ ಮೇಲೆ ತೆರಿಗೆ ಹಾಕಿ ಎಂದು ಕೇಳಿದರೆ ಎರಡು ಸಲ ಸವಕಳಿ ಕೇಳಿದಂತಾಗುತ್ತದೆ, ಅರ್ಜಿಯ ಉಳಿದ ಒಳ್ಳೆಯ ಅಂಶಗಳೂ ಅದರ ಜೊತೆ ಬಿದ್ದುಹೋಗುತ್ತವೆ. ವಿಮೆಯ ಐಡಿವಿ, ಅಂದರೆ ವಿಮಾ ಕಂಪನಿ ಹಿಡಿದ ಗಾಡಿಯ ಈಗಿನ ಬೆಲೆ, ತೋರಿಸುವುದೂ ಇದೇ ತಪ್ಪು.

ನಿಮ್ಮ ವಾದದ ತಳಹದಿ ಒಂದೇ ಇರಲಿ: ತೆರಿಗೆಗೆ ಹಿಡಿಯಬೇಕಾದ ಬೆಲೆ ಖರೀದಿ ಇನ್‌ವಾಯ್ಸ್‌ನ ಬೆಲೆ. 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆಯಲ್ಲಿ ದೇಶದಲ್ಲೇ ತಯಾರಾದ ವಾಹನದ ‘ಬೆಲೆ’ ಎಂದರೆ ತಯಾರಕ ಅಥವಾ ಡೀಲರ್ ಕೊಟ್ಟ ಖರೀದಿ ಇನ್‌ವಾಯ್ಸ್‌ನ ಬೆಲೆ. ಇಂದಿನ ಶೋರೂಮ್ ಪಟ್ಟಿಯಲ್ಲ, ಇಂದಿನ ಹಳೆ ಗಾಡಿ ದರವೂ ಅಲ್ಲ. ಇನ್‌ವಾಯ್ಸ್ ಇಲ್ಲದಾಗ ಕಚೇರಿ ಪಟ್ಟಿಗೆ ಕೈಹಾಕುತ್ತದೆ. ನಿಮ್ಮಲ್ಲಿ ಆಗಿರುವುದೂ ಅದೇ.

ಲೆಕ್ಕ ನೋಡಿ. ವಯಸ್ಸಿನ ಶೇಕಡಾ ಎಲ್ಲಕ್ಕೂ ಒಂದೇ, ಸೆಸ್ಸೂ ಹಾಗೆಯೇ, ಆದ್ದರಿಂದ ಅವೆರಡನ್ನೂ ಬದಿಗಿಟ್ಟಿದ್ದೇನೆ. ಕಾರಿಗೆ ದರ 5 ಲಕ್ಷದವರೆಗೆ ಶೇಕಡಾ 13, 5ರಿಂದ 10 ಲಕ್ಷಕ್ಕೆ 14, 10ರಿಂದ 20 ಲಕ್ಷಕ್ಕೆ 17, ಅದರ ಮೇಲೆ 18. ಹಂತ ದಾಟಿದರೆ ಹೆಚ್ಚಿನ ದರ ಪೂರ್ತಿ ಬೆಲೆಗೆ ಬೀಳುತ್ತದೆ, ದಾಟಿದ ಭಾಗಕ್ಕೆ ಮಾತ್ರ ಅಲ್ಲ.

ಇನ್‌ವಾಯ್ಸ್ ಬೆಲೆ 4,62,000 ಆದರೆ ಶೇಕಡಾ 13ರಂತೆ 60,060.
ಪಟ್ಟಿ ಬೆಲೆ 5,90,000 ಹಿಡಿದರೆ ಶೇಕಡಾ 14ರಂತೆ 82,600.
ಪಟ್ಟಿ ಬೆಲೆಗೆ ಫಿಟಿಂಗ್ ಸೇರಿಸಿ 8,00,000 ಹಿಡಿದರೆ 1,12,000.

ಅಂದರೆ ತಪ್ಪು ಎರಡು. ಪಟ್ಟಿ ಬೆಲೆಯಿಂದ 22,540 ಹೆಚ್ಚಾಯಿತು, ಫಿಟಿಂಗ್ ಸೇರಿಸಿದ್ದರಿಂದ ಇನ್ನೂ 29,400. ಅರ್ಜಿಯಲ್ಲಿ ಇವೆರಡನ್ನೂ ಬೇರೆ ಬೇರೆ ಆಧಾರವಾಗಿ, ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ. ಒಂದರಲ್ಲಿ ಅಧಿಕಾರಿ ಒಪ್ಪದಿದ್ದರೂ ಇನ್ನೊಂದು ಉಳಿಯುತ್ತದೆ. ಎರಡನ್ನೂ ಬೆರೆಸಿ ‘ತೆರಿಗೆ ತುಂಬಾ ಜಾಸ್ತಿಯಾಯಿತು, ದಯವಿಟ್ಟು ಕಡಿಮೆ ಮಾಡಿ’ ಎಂದು ಬರೆದರೆ ಅದು ವಿನಂತಿಯಷ್ಟೇ ಆಗುತ್ತದೆ, ಆಕ್ಷೇಪಣೆ ಆಗುವುದಿಲ್ಲ.

ಪಟ್ಟಿ ಬೆಲೆಯ ವಿರುದ್ಧ ಇನ್ನೆರಡು ಮಾತು. 2022ರ ನವೆಂಬರ್‌ನಲ್ಲಿ ಇಕೋದ ಎಂಜಿನ್ನೇ ಬದಲಾಗಿದೆ, ಈಗಿನದು 1197 ಸಿಸಿಯ ಕೆ ಸರಣಿಯದು, ನಿಮ್ಮದು 1196. ಇಂದಿನ ಪಟ್ಟಿಯಲ್ಲಿರುವುದು ನಿಮ್ಮ ಗಾಡಿಯೇ ಅಲ್ಲ. ಜೊತೆಗೆ ಪಟ್ಟಿಯ ದಿನಾಂಕ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಸೆಸ್ ಸೇರಿ ಶೇಕಡಾ 29 ಇದ್ದದ್ದು 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಪಟ್ಟಿ ಹಿಡಿದಿದ್ದರೆ ಅದು ಇಂದಿನ ಬೆಲೆಯೂ ಅಲ್ಲ, ನಿಮ್ಮ ಖರೀದಿ ಬೆಲೆಯೂ ಅಲ್ಲ.

ಈಗ ಮಾಡಬೇಕಾದದ್ದು. ಕೌಂಟರಿನಲ್ಲಿ ವಾದ ಬೇಡ, ಅಲ್ಲಿ ಕೂತವರಿಗೆ ಬೆಲೆ ತಿದ್ದುವ ಅಧಿಕಾರ ಇರುವುದಿಲ್ಲ. ನೋಂದಣಿ ಪ್ರಾಧಿಕಾರಕ್ಕೆ ಬರೆದ ಆಕ್ಷೇಪಣೆಯನ್ನು ಎರಡು ಪ್ರತಿ ಮಾಡಿ ಟಪಾಲು ವಿಭಾಗದಲ್ಲಿ ಕೊಡಿ, ನಿಮ್ಮ ಪ್ರತಿಯ ಮೇಲೆ ದಿನಾಂಕದ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೊನೆಯ ಸಾಲಿನಲ್ಲಿ ‘ಒಪ್ಪದಿದ್ದಲ್ಲಿ ಕಾರಣ ಸಹಿತ ಹಿಂಬರಹ ನೀಡಬೇಕು, ಮೇಲ್ಮನವಿ ಪ್ರಾಧಿಕಾರ ಯಾರೆಂದು ಅದರಲ್ಲಿ ನಮೂದಿಸಬೇಕು’ ಎಂದು ಬರೆಯಿರಿ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಇಲ್ಲದೆ ಮೇಲ್ಮನವಿಗೆ ಹೋದರೆ ‘ಯಾವ ಆದೇಶದ ವಿರುದ್ಧ ಬಂದಿರಿ’ ಎಂಬ ಪ್ರಶ್ನೆಗೇ ಅರ್ಜಿ ವಾಪಸ್ ಬರುತ್ತದೆ.

ಆಕ್ಷೇಪಣೆಯ ತಿರುಳು ಇಷ್ಟು ಸಾಕು:

‘ಸದರಿ ವಾಹನದ ಖರೀದಿ ಇನ್‌ವಾಯ್ಸ್ ಮೌಲ್ಯ ರೂ. 4,62,000 ಇದ್ದು, ತೆರಿಗೆ ಲೆಕ್ಕಕ್ಕೆ ರೂ. 5,90,000 ಪರಿಗಣಿಸಿರುವುದಕ್ಕೆ ಆಧಾರವನ್ನು ತಿಳಿಸಿರುವುದಿಲ್ಲ. ಎರಡನೆಯದಾಗಿ, ರೂ. 2,10,000 ಮೌಲ್ಯದ ವಸ್ತುಗಳು ವಾಹನದ ಭಾಗವಾಗಿರದೆ ಬಿಚ್ಚಿ ತೆಗೆಯಬಹುದಾದ ಸಾಮಗ್ರಿಗಳಾಗಿದ್ದು, ನೋಂದಣಿ ಪ್ರಮಾಣಪತ್ರದ ಯಾವುದೇ ವಿವರ ಬದಲಾಗಿರುವುದಿಲ್ಲ. ಆದ್ದರಿಂದ ಇನ್‌ವಾಯ್ಸ್ ಮೌಲ್ಯದ ಮೇಲೆ ತೆರಿಗೆಯನ್ನು ಮರು ನಿರ್ಧರಿಸಬೇಕು.’

ತೆರಿಗೆ ಕಟ್ಟುವ ಮುಂಚೆ ತಿದ್ದಿಸುವುದು ಸುಲಭ, ಕಟ್ಟಿದ ಮೇಲೆ ಅದು ಮರುಪಾವತಿಯ ಕಡತವಾಗಿ ತಿಂಗಳುಗಟ್ಟಲೆ ಎಳೆಯುತ್ತದೆ. ಆದರೆ ಬೇರೆ ರಾಜ್ಯದ ಗಾಡಿಗೆ ಹೊಸ ನಂಬರ್ ಪಡೆಯಲು 1988ರ ಕೇಂದ್ರ ಮೋಟಾರು ವಾಹನ ಕಾಯ್ದೆಯ ಕಲಂ 47 ಕೊಡುವ 12 ತಿಂಗಳ ಗಡುವು ಹತ್ತಿರ ಬಂದಿದ್ದರೆ ಕಾಯಬೇಡಿ. ಹಣ ಕಟ್ಟಿ, ಕಟ್ಟಿದ ದಿನವೇ ‘ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ’ ಎಂಬ ಪತ್ರಕ್ಕೆ ರಸೀದಿಯ ನಕಲು ಹಚ್ಚಿ ಟಪಾಲಿಗೆ ಕೊಡಿ. ಮರುದಿನಕ್ಕೆ ಮುಂದೂಡಬೇಡಿ.

ನವನಗರ_ಗ್ಯಾರೇಜ್_29 ಉತ್ತರ:

ಮ್ಯಾಲಿನವರು ಕಾಗದದ್ದು ಸರಿಯಾಗಿ ಹೇಳ್ಯಾರ. ಗಾಡಿ ಕಡೆಯಿಂದ ಒಂದ ಮಾತು ಹೇಳಬೇಕು, ಯಾಕಂದ್ರ ಎರಡನೇ ಆಧಾರ ನಿಲ್ಲೂದು ಬೀಳೂದು ಎಲ್ಲಾ ತಪಾಸಣೆ ದಿನ ಗಾಡಿ ಹೆಂಗ ಕಾಣತೈತಿ ಅನ್ನೂದರ ಮ್ಯಾಲೆ ಐತಿ.

‘ಇದು ಗಾಡಿ ಭಾಗ ಅಲ್ಲ’ ಅನ್ನೂದು ಎರಡೂ ಕಡೆ ಕೊಯ್ಯೂ ಮಾತು. ಅದ ಕೇಂದ್ರ ಕಾಯ್ದೆಯ ಕಲಂ 52ರ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ಫರಕ್ ಬರೂ ಹಂಗ ಗಾಡಿ ಬದಲಿ ಮಾಡಾಕ ಬರೂದಿಲ್ಲ. 2019ರ ಜನವರಿಯೊಳಗ ಸುಪ್ರೀಂ ಕೋರ್ಟೂ ಅದನ್ನ ಗಟ್ಟಿ ಹೇಳೇತಿ. ಗಾಡಿ ನೋಡಿದ ಇನ್‌ಸ್ಪೆಕ್ಟರ್ ‘ಇದು ಬಿಚ್ಚೂದಲ್ಲ, ಕಾಯಂ ಫಿಟಿಂಗ್’ ಅಂತ ಬರದ್ರ ತೆರಿಗೆ ಪ್ರಶ್ನೆ ಹಿಂದ ಸರದು ಪರವಾನಗಿ ಇಲ್ಲದ ಮಾರ್ಪಾಡಿನ ಪ್ರಶ್ನೆ ಮುಂದ ಬರತೈತಿ. ಕಲಂ 182-ಎ ಒಳಗ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ದಂಡ ಇಲ್ಲಾ ಆರು ತಿಂಗಳ ತನಕ ಜೈಲು ಅಂತ ಐತಿ.

ಅದಕ್ಕ ಮರು ತಪಾಸಣೆ ಕೇಳೂ ಮೊದಲ ಪೂರಾ ಫಿಟಿಂಗ್ ಇಳಸ್ರಿ. ಮಂಚ, ಕಪಾಟು, ಬ್ಯಾಟರಿ, ಇನ್ವರ್ಟರ್, ಫ್ರಿಜ್, ಪ್ಯಾನೆಲ್, ಎಲ್ಲಾ. ಹಿಂದಿನ ಸೀಟು ಬೆಲ್ಟ್ ಸಮೇತ ಮೂಲ ಬೋಲ್ಟ್ ತೂತಿಗೇ ವಾಪಸ್ ಕೂಡಸ್ರಿ. ಆರ್‌ಸಿಯೊಳಗ 5 ಸೀಟು ಅಂದ್ರ ಐದೂ ಇರಬೇಕು. ಭಾಳ ಮಂದಿ ಇಲ್ಲೇ ಸಿಗತಾರ, ಸೀಟು ಮಾರಿಬಿಟ್ಟಿರತಾರ. ಮಂಚದ ಕಾಲಿಗೆ ನೆಲದ ತಗಡಿನಾಗ ಹೊಸಾ ತೂತು ಹೊಡದಿದ್ರ ಅದು ಕಾಣತೈತಿ. ಸೀಟಿನ ಮೂಲ ತೂತಿಗೇ ಬ್ರಾಕೆಟ್ ಹಾಕಿ ಕೂಡಿಸಿದ್ದಿದ್ರ ಅದ ದೊಡ್ಡ ಸಾಕ್ಷಿ, ಬಿಚ್ಚೂ ಮುಂದ ಒಂದೊಂದು ಬೋಲ್ಟಿನ ಫೋಟೊ ತಗೀರಿ. ವೆಲ್ಡಿಂಗ್ ಇದ್ರ ಮಾತ್ರ ‘ಬಿಚ್ಚೂ ಸಾಮಾನು’ ಅನ್ನೂ ವಾದ ಮಾಡಬ್ಯಾಡ್ರಿ, ಮೊದಲಿನ ಆಧಾರ ಒಂದನ್ನ ಹಿಡೀರಿ.

ವೈರಿಂಗ್ ನೋಡ್ರಿ. ಗಾಡಿ ಮೂಲ ಹಾರ್ನೆಸ್, ಅಂದ್ರ ಕಂಪನಿ ವೈರಿನ ಕಟ್ಟು, ಕೊಯ್ದು ಜೋಡಣಿ ಮಾಡಿದ್ರ ಅದೂ ಮಾರ್ಪಾಡಂತನ ಕಾಣತೈತಿ. ಬ್ಯಾಟರಿಯಿಂದ ಬ್ಯಾರೆ ಫ್ಯೂಸ್ ಹಾಕಿ ಬ್ಯಾರೆ ಲೈನ್ ಎಳದಿದ್ರ ಪ್ಲಗ್ ಕಿತ್ತರ ಮುಗೀತು. ಒಲಿಗೆ ಅಂತ ಮನಿ ಸಿಲಿಂಡರ್ ಒಳಗ ಇಟ್ಟಿದ್ರ ಇವತ್ತ ತಗೀರಿ, ತಪಾಸಣೆಗಂತ ಅಷ್ಟ ಅಲ್ಲ, ಮುಚ್ಚಿದ ಗಾಡಿಯೊಳಗ ಅನಿಲ ಸೋರಿದ್ರ ಜೀವಕ್ಕ ಅಪಾಯ.

ಆಮ್ಯಾಲೆ ಕಾಟಾಕ್ಕ ಒಯ್ದು ಖಾಲಿ ಗಾಡಿ ತೂಕ ಮಾಡಸ್ರಿ, ಚಾಲಕ ಇಳದಿರಬೇಕು. ಆರ್‌ಸಿಯೊಳಗಿನ ಖಾಲಿ ತೂಕಕ್ಕ ಹತ್ತಿರ ಬಂದ್ರ ಆ ಚೀಟಿ ಅರ್ಜಿಗೆ ಹಚ್ಚರಿ. ಇದಕ್ಕ ಕಾಯ್ದೆಯೊಳಗೂ ಅರ್ಥ ಐತಿ: ಖಾಲಿ ತೂಕ ಅಂದ್ರ ಗಾಡಿ ಜೋಡಿ ಸಾಮಾನ್ಯವಾಗಿ ಬಳಸೂ ಎಲ್ಲಾ ಸಲಕರಣೆ ಸೇರಿದ ತೂಕ, ಚಾಲಕನ ತೂಕ ಬಿಟ್ಟು. ಫಿಟಿಂಗ್ ಇಟ್ಟಕೊಂಡು ತೂಗಿದ್ರ ‘ಇದೂ ಸಲಕರಣೆನ’ ಅಂತ ಅವರ ಕೈಯಾಗ ನೀವ ಆಯುಧ ಕೊಟ್ಟಂಗ.

ವರ್ಕ್‌ಶಾಪಿಗೆ ಹೋಗಿ ಅದ ಬಿಲ್ ನಂಬರಿನ ವಿವರ ಪಟ್ಟಿ ಲೆಟರ್‌ಹೆಡ್ ಮ್ಯಾಲೆ ತಗೋರಿ, ನೀವು ಇಲ್ಲಿ ಬರದಂಗ ನಾಕು ಭಾಗ ಮಾಡಿ. ಹೊಸಾ ಬಿಲ್, ಕಡಿಮಿ ಮೊತ್ತದ ಬಿಲ್ ಬ್ಯಾಡ್ರಿ. ಜಿಎಸ್‌ಟಿ ದಾಖಲೆಯೊಳಗ ಹಳೇದು ಇದ್ದ ಇರತೈತಿ, ಎರಡು ಬಿಲ್ ಎದುರಾಬದರು ಆದ್ರ ಖರೆ ಇದ್ದ ಮಾತೂ ನಂಬೂದಿಲ್ಲ.

ಹಿಂಡಲಗಾ_22:

ಇಬ್ಬರಿಗೂ ಭಾಳ ಉಪಕಾರ ಆತ್ರಿ. ವೆಲ್ಡಿಂಗ್ ಎಲ್ಲೂ ಇಲ್ಲ, ಬ್ರಾಕೆಟ್ ಮೂಲ ತೂತಿಗೇ ಅದಾವು. ಹಿಂದಿನ ಸೀಟೂ ಐತಿ. ಉಳಿದಿದ್ದು ಇನ್‌ವಾಯ್ಸ್. ಅದು ಸಿಗದಿದ್ರ 4,62,000 ಅಂತ ತೋರಿಸೂದು ಹೆಂಗ? ಮಹಾರಾಷ್ಟ್ರದಾಗ ಕಟ್ಟಿದ ತೆರಿಗೆ ರಸೀದಿ ಐತಿ, ಅದರಾಗ 50,820 ಅಂತ ಐತಿ. ಗಾಡಿ ವೈಯಕ್ತಿಕ ಹೆಸರಿನಾಗ ಇತ್ತು, ಕಂಪನಿ ಹೆಸರಿನಾಗಲ್ಲ.

ಕರಡು_ಕಾಗದ ಉತ್ತರ:

ಹಾಗಿದ್ದರೆ ಬೆಲೆ ನಿಮ್ಮ ಕೈಯಲ್ಲೇ ಇದೆ. ಮಹಾರಾಷ್ಟ್ರವೂ ಕಾರಿಗೆ ಬೆಲೆಯ ಮೇಲೆಯೇ ಒಂದೇ ಕಂತಿನ ತೆರಿಗೆ ಹಾಕುತ್ತದೆ. ವೈಯಕ್ತಿಕ ಹೆಸರಿನ ಪೆಟ್ರೋಲ್ ಕಾರಿಗೆ 10 ಲಕ್ಷದವರೆಗೆ ಶೇಕಡಾ 11. 50,820ನ್ನು 11ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸರಿಯಾಗಿ 4,62,000. ರಸೀದಿಯಲ್ಲಿ ಸೆಸ್, ಶುಲ್ಕ ಬೇರೆ ಸಾಲಿನಲ್ಲಿದ್ದರೆ ಅವನ್ನು ಸೇರಿಸಬೇಡಿ, ತೆರಿಗೆಯ ಸಾಲು ಮಾತ್ರ ಹಿಡಿಯಿರಿ. ಒಂದು ಸರ್ಕಾರಿ ಕಚೇರಿ 2021ರಲ್ಲೇ ಒಪ್ಪಿದ ಬೆಲೆ ಇದು, ಈ ಒಂದು ಕಾಗದ ನಿಮ್ಮ ಬಾಯಿಮಾತಿಗಿಂತ ಹತ್ತು ಪಟ್ಟು ಗಟ್ಟಿ. ಲೆಕ್ಕವನ್ನು ಒಂದು ಸಾಲಿನಲ್ಲಿ ಬರೆದು ರಸೀದಿಯ ನಕಲನ್ನು ಹಚ್ಚಿ.

ಆದರೂ ಇನ್‌ವಾಯ್ಸ್ ಬಿಡಬೇಡಿ. ಮೊದಲ ಮಾಲೀಕರಿಂದ ಒಂದು ಒಪ್ಪಿಗೆ ಪತ್ರ, ಆರ್‌ಸಿ ನಕಲು, ಚಾಸಿ ನಂಬರ್ ತೆಗೆದುಕೊಂಡು ಗಾಡಿ ಮಾರಿದ ಡೀಲರ್ ಹತ್ತಿರ ಹೋದರೆ ಇನ್‌ವಾಯ್ಸ್‌ನ ನಕಲು ಮುದ್ರಿಸಿ ಕೊಡುತ್ತಾರೆ. ಸೀಲು, ಸಹಿ ಇರಲಿ. ಡೀಲರ್ ಬಿಲ್ಲಿನಲ್ಲಿ ವಿಮೆ, ನೋಂದಣಿ ಖರ್ಚು, ಹೆಚ್ಚುವರಿ ವಾರಂಟಿ, ಮ್ಯಾಟ್‌ನಂಥ ಸಾಲುಗಳಿದ್ದರೆ ಅವು ಗಾಡಿ ಬೆಲೆಯಲ್ಲ ಎಂದು ತೋರಿಸಿ, ಜಿಎಸ್‌ಟಿ ಸೇರಿದ ಗಾಡಿಯ ಬೆಲೆ ಮಾತ್ರ ಲೆಕ್ಕಕ್ಕೆ. ಸಾರಿಗೆ ಕಚೇರಿಗಳ ‘ವಾಹನ್’ ಕಂಪ್ಯೂಟರ್ ದಾಖಲೆಯಲ್ಲೂ ನೋಂದಣಿ ಸಮಯದ ಮಾರಾಟ ಮೊತ್ತ ಇರುತ್ತದೆ. ಹೊಸ ಕಚೇರಿಯ ಪರದೆಯಲ್ಲಿ ಅದನ್ನು ನೋಡಿ ಹೇಳಿ ಎಂದು ಆಕ್ಷೇಪಣೆಯಲ್ಲೇ ಕೇಳಿ.

ಫಾರ್ಮ್ 22ನ್ನೂ ಹುಡುಕಿ. ಇದು ನವನಗರದವರು ಹೇಳಿದ ಮಾತಿಗೆ ಕಾಗದದ ಬೆಂಬಲ. ಕಾರ್ಖಾನೆಯಿಂದ ಪೂರ್ತಿಯಾಗಿ ಬಂದ ಗಾಡಿಗೆ ಫಾರ್ಮ್ 22 ಇರುತ್ತದೆ. ಬರೀ ಚಾಸಿ ಕೊಂಡು ಬೇರೆಯವರಿಂದ ಬಾಡಿ ಕಟ್ಟಿಸಿದ್ದಕ್ಕೆ ಫಾರ್ಮ್ 22-ಎ, ಅದರ ಎರಡನೇ ಭಾಗಕ್ಕೆ ಬಾಡಿ ಕಟ್ಟಿದವರು ಸಹಿ ಹಾಕುತ್ತಾರೆ. 22-ಎ ಗಾಡಿಯಲ್ಲಿ ಬಾಡಿಯ ಬಿಲ್ಲನ್ನು ಬೆಲೆಗೆ ಸೇರಿಸುವುದು ನ್ಯಾಯವೇ, ಏಕೆಂದರೆ ಬಾಡಿ ಇಲ್ಲದೆ ಅದು ನೋಂದಣಿಯಾಗುವ ವಾಹನವೇ ಅಲ್ಲ. ನಿಮ್ಮದು 2021ರಲ್ಲಿ ಪೂರ್ತಿ ಕಾರಾಗಿಯೇ ನೋಂದಣಿಯಾಗಿದೆ, ಆಮೇಲೆ ಇಟ್ಟ ಮಂಚ ಅದನ್ನು ಹೆಚ್ಚು ಕಾರು ಮಾಡುವುದಿಲ್ಲ. ವಿಮಾ ಪಾಲಿಸಿಯಲ್ಲಿ ವಿದ್ಯುತ್ ಮತ್ತು ಇತರ ಪರಿಕರಗಳಿಗೆ ಬೇರೆ ಅಂಕಣ ಇರುತ್ತದೆ. ಫಿಟಿಂಗ್ ಅಲ್ಲಿ ನಮೂದಾಗಿದ್ದರೆ ಆ ಪುಟವನ್ನೂ ಹಚ್ಚಬಹುದು, ಗಾಡಿಯ ಮೌಲ್ಯದಿಂದ ಅದನ್ನು ಬೇರೆಯಾಗಿ ನೋಡುತ್ತಾರೆ ಎಂಬುದಕ್ಕೆ ಮಾತ್ರ.

ಹಿಂಬರಹ ನಿಮ್ಮ ವಿರುದ್ಧ ಬಂದರೆ ಎಚ್ಚರ: ಕೇಂದ್ರ ಕಾಯ್ದೆಯ ಕಲಂ 57ರ ಮೇಲ್ಮನವಿ ಇರುವುದು ನೋಂದಣಿ ನಿರಾಕರಣೆ, ಎನ್‌ಒಸಿ, ಮಾರ್ಪಾಡು, ಅಮಾನತಿನಂಥ ಆದೇಶಗಳಿಗೆ. ತೆರಿಗೆ ಲೆಕ್ಕದ ಮೇಲ್ಮನವಿ ರಾಜ್ಯದ ತೆರಿಗೆ ಕಾಯ್ದೆಯಡಿ ಹೋಗಬೇಕು. ತಲೆಬರಹದಲ್ಲಿ ಕಲಂ 57 ಎಂದು ಬರೆದು ಒಳಗೆ ತೆರಿಗೆ ವಾದ ಮಾಡಿದರೆ ವಿಚಾರಣೆಗೆ ಮುಂಚೆಯೇ ವಾಪಸ್. ಯಾವುದೇ ಆದರೂ ಆದೇಶ ಕೈಸೇರಿದ ದಿನದಿಂದ 30 ದಿನ ದಾಟಿಸಬೇಡಿ, ಲಕೋಟೆಯನ್ನೂ ಇಟ್ಟುಕೊಳ್ಳಿ, ಅಂಚೆ ಮುದ್ರೆ ದಿನಾಂಕಕ್ಕೆ ಬೇಕಾಗುತ್ತದೆ.

5,90,000 ಎಲ್ಲಿಂದ ಬಂತು ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಇವತ್ತೇ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್, ಕರ್ನಾಟಕದಲ್ಲಿ ಒಂದೇ ವಿಷಯ ಮತ್ತು 150 ಪದದ ಮಿತಿ. ಕೇಳಬೇಕಾದದ್ದು ಮೂರೇ: ಬೆಲೆ ನಿರ್ಧರಿಸಿದ ಟಿಪ್ಪಣಿಯ ದೃಢೀಕೃತ ನಕಲು, ಬಳಸಿದ ಬೆಲೆ ಪಟ್ಟಿ, ಅದರ ದಿನಾಂಕ. ‘ಏಕೆ ಹೀಗೆ ಮಾಡಿದಿರಿ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಉತ್ತರಕ್ಕೂ 30 ದಿನ, ಮೇಲ್ಮನವಿಗೂ ಅಷ್ಟೇ, ಆದ್ದರಿಂದ ಅದಕ್ಕಾಗಿ ಕಾಯುತ್ತ ಕೂರಬೇಡಿ. ಬಂದ ಮೇಲೆ ಹೆಚ್ಚುವರಿ ದಾಖಲೆಯಾಗಿ ಸಲ್ಲಿಸಿ.

ಗುಮ್ಮಟ_28 ಕೇಳಿದ್ದು:

ಇದರಾಗ ನನ್ನದೂ ಒಂದು ಪ್ರಶ್ನೆ ಅದರಿ. ವಿಜಯಪುರಕ್ಕ ಸೋಲಾಪುರದಿಂದ ಇಕೋ ಕಾರ್ಗೋ ತರಬೇಕಂತ ಮಾಡೀವಿ, ಹಿಂದ ಮಂಚ ಹಾಕಿ ಖಾಸಗಿ ಕಾರಂತ ಮಾಡಸಿದ್ರ ಲೈಫ್ ಟ್ಯಾಕ್ಸ್ ಇದೇ ಲೆಕ್ಕ ಆಗ್ತದೇನು? ಹೈಕೋರ್ಟಿಗೆ ಹೋಗೂದಾದ್ರ ಧಾರವಾಡನಾ?

ನವನಗರ_ಗ್ಯಾರೇಜ್_29 ಉತ್ತರ:

ತರಬ್ಯಾಡ್ರಿ. ಕಾರ್ಗೋ ಅಂದ್ರ ಸರಕು ಗಾಡಿ ಅಂತ ಪರೀಕ್ಷೆ ಆಗಿ ಬಂದದ್ದು. ಹಿಂದ ಸೀಟಿಲ್ಲ, ಸೀಟ್ ಬೆಲ್ಟಿನ ಆಧಾರ ಇಲ್ಲ. ಅದನ್ನ ಮಂದಿ ಕೂಡೂ ಕಾರ್ ಮಾಡೂದು ಕಲಂ 52 ಹೇಳೂ ಮಾರ್ಪಾಡ, ತೆರಿಗೆ ಲೆಕ್ಕದ ತನಕ ಹೋಗೂದ ಇಲ್ಲ. ಕಾಯಂ ಕ್ಯಾಂಪರ್ ಬೇಕಂದ್ರ ಮೋಟಾರ್ ಕ್ಯಾರವಾನಿಗೆ, ಅಂದ್ರ ಒಳಗ ಉಳಕೊಳ್ಳಾಕಂತನ ಕಟ್ಟಿದ ಗಾಡಿಗೆ, ಎಐಎಸ್ 124 ಅನ್ನೂ ಮಾನದಂಡ ಐತಿ. ಅದರಂಗ ಕಟ್ಟಿ, ಪುಣೆಯ ಎಆರ್‌ಎಐ ಅಥವಾ ಸಿಐಆರ್‌ಟಿಯಂಥ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಇರೂ ಗಾಡಿನ ತಗೋರಿ. ಅಲ್ಲಿ ಬಾಡಿ ಬೆಲೆನೂ ಸೇರತೈತಿ, ಅದಕ್ಕ ತಕರಾರು ಮಾಡಾಕ ಜಾಗಾ ಇಲ್ಲ. ಇಲ್ಲಾ ಇವರಂಗ 5 ಸೀಟರ್ ತಗೊಂಡು ಬಿಚ್ಚೂ ಫಿಟಿಂಗ್ ಇಡ್ರಿ.

ಕರಡು_ಕಾಗದ ಉತ್ತರ:

ಗುಮ್ಮಟ ಅವರೇ, ವಿಜಯಪುರ ಜಿಲ್ಲೆ ಕಲಬುರಗಿ ಪೀಠಕ್ಕೆ ಸೇರುತ್ತದೆ, ಬೆಳಗಾವಿ ಮತ್ತು ಬಾಗಲಕೋಟೆ ಧಾರವಾಡ ಪೀಠಕ್ಕೆ. ಆದರೆ ಮೇಲ್ಮನವಿ ಹಾಕದೆ ಹೈಕೋರ್ಟಿಗೆ ನೇರ ರಿಟ್ ಅರ್ಜಿ ಹಾಕಿದರೆ ಮೊದಲು ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ ಎಂದೇ ಸಾಮಾನ್ಯವಾಗಿ ಕಳಿಸುತ್ತಾರೆ.

ಹಿಂಡಲಗಾ ಅವರೇ, ಇನ್ನೆರಡು ಪರೀಕ್ಷೆ ಬಾಕಿ. ಗಾಡಿಯ ವಯಸ್ಸನ್ನು 2021ರ ಮೊದಲ ನೋಂದಣಿ ತಿಂಗಳಿಂದ ಎಣಿಸಿದ್ದಾರೋ, ನಿಮ್ಮ ಹೆಸರಿಗೆ ವರ್ಗವಾದ ದಿನದಿಂದಲೋ ನೋಡಿ. ಎರಡನೆಯದಾದರೆ ಕಡಿತವೇ ಕಡಿಮೆಯಾಗಿರುತ್ತದೆ, ಅದು ಮೂರನೇ ಆಧಾರ. ಡೀಲರ್ ಕೊಡುವ ನಕಲು ಇನ್‌ವಾಯ್ಸ್‌ನಲ್ಲಿ ಚಾಸಿ ನಂಬರಿನ 17 ಅಕ್ಷರವನ್ನೂ ಆರ್‌ಸಿ ಜೊತೆ ಒಂದೊಂದಾಗಿ ಹೋಲಿಸಿ, ಒಂದು ಅಂಕಿ ತಪ್ಪಿದರೂ ಆ ಕಾಗದ ಬೇರೆ ಗಾಡಿಯದು ಎಂದಾಗುತ್ತದೆ. ಇಲ್ಲಿ ತೆರಿಗೆ ಮುಗಿದು ಕೆಎ ಸಂಖ್ಯೆ ಬಂದ ಮೇಲೆ, ಉಳಿದ ಅವಧಿಯ ತೆರಿಗೆ ವಾಪಸಿಗೆ ಕೊಲ್ಹಾಪುರದಲ್ಲಿ ಅರ್ಜಿ ಹಾಕಲು ಅದೇ 50,820ರ ಮೂಲ ರಸೀದಿ ಬೇಕು. ಇಲ್ಲಿನ ಕಡತಕ್ಕೆ ನಕಲು ಮಾತ್ರ ಕೊಡಿ, ಮೂಲವನ್ನು ಕೈಬಿಡಬೇಡಿ.